ಪೋಸ್ಟ್‌ಗ್ರೆಸ್‌ನಲ್ಲಿ ಡಿಸ್ಕ್ ರೀಡ್ ಕನ್ಕರೆನ್ಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುವವರು ಒಂದಲ್ಲ ಒಂದು ದಿನ ಈ ಸೆಟ್ಟಿಂಗ್ ಮುಂದೆ ಬಂದು ನಿಲ್ಲುತ್ತಾರೆ: ಎಫೆಕ್ಟಿವ್_ಐಒ_ಕನ್ಕರೆನ್ಸಿ. ಹೆಸರು ಉದ್ದ, ಅದರ ಬಗ್ಗೆ ಸಿಗುವ ಸಲಹೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬರು 2 ಇಡಿ ಅಂತಾರೆ, ಇನ್ನೊಬ್ಬರು 200 ಅಂತಾರೆ. ಜೊತೆಗೆ ಕೆಲಸ ಮಾಡುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಮುಂದೆ ಇದನ್ನು ಸುಮ್ನೆ ‘ಐಒ ಕನ್ಕರೆನ್ಸಿ’ ಅಂತ ಕರೆಯುತ್ತೇನೆ.

ಈ ಸೆಟ್ಟಿಂಗ್ ನಿಜಕ್ಕೂ ಏನು ಮಾಡುತ್ತದೆ?

ಒಂದು ಕ್ವೆರಿಗೆ ಡಿಸ್ಕಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿರುವ ನೂರು ಬ್ಲಾಕ್ ಬೇಕು ಅಂದುಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಬ್ಲಾಕ್ ಅಂದರೆ ಸಾಮಾನ್ಯವಾಗಿ 8 ಕೆಬಿ. ಒಂದನ್ನು ಕೇಳಿ, ಅದು ಬರುವವರೆಗೆ ಕಾದು, ಆಮೇಲೆ ಎರಡನೆಯದನ್ನು ಕೇಳುವುದು ಒಂದು ದಾರಿ. ಮುಂದೆ ಬೇಕಾಗುವ ಹತ್ತಾರು ಬ್ಲಾಕ್‌ಗಳನ್ನೂ ಈಗಲೇ ಕೇಳಿಟ್ಟುಬಿಡುವುದು ಇನ್ನೊಂದು ದಾರಿ. ಹೀಗೆ ಎಷ್ಟು ರೀಡ್‌ಗಳನ್ನು ಮುಂಚೆಯೇ ಕೇಳಿಡಬಹುದು ಅನ್ನುವುದೇ ಈ ನಂಬರ್.

ಮನೆಯ ಕಾವಲಿ ಮೇಲೆ ಒಂದು ಸಲಕ್ಕೆ ಒಂದೇ ದೋಸೆ. ಹೋಟೆಲಿನ ಕಾವಲಿ ಮೇಲೆ ಹತ್ತು ಹನ್ನೆರಡು ಒಟ್ಟಿಗೆ ಬೇಯುತ್ತವೆ. ಆದರೆ ಭಟ್ಟರು ಒಂದು ಹುಯ್ದು, ಅದು ಬೆಂದು ಎದ್ದ ಮೇಲೆ ಇನ್ನೊಂದು ಹುಯ್ದರೆ ಅಷ್ಟು ದೊಡ್ಡ ಕಾವಲಿ ಇದ್ದೂ ಏನು ಬಂತು? ಒಟ್ಟಿಗೆ ಹುಯ್ದರೆ ಒಂದು ದೋಸೆ ಬೇಯುವ ಹೊತ್ತು ಕಡಿಮೆಯಾಗುವುದಿಲ್ಲ. ಗಂಟೆಗೆ ಇಳಿಯುವ ದೋಸೆಗಳು ಮಾತ್ರ ಜಾಸ್ತಿಯಾಗುತ್ತವೆ. ಈ ಸೆಟ್ಟಿಂಗ್ ಕೂಡ ಅಷ್ಟೇ. ಡಿಸ್ಕಿನ ವೇಗವನ್ನು ಅದು ಹೆಚ್ಚಿಸುವುದಿಲ್ಲ. ಡಿಸ್ಕ್ ಖಾಲಿ ಕೂರದ ಹಾಗೆ ನೋಡಿಕೊಳ್ಳುತ್ತದೆ.

ಎಲ್ಲ ಕ್ವೆರಿಗಳಿಗೂ ಉಪಯೋಗ ಇದೆಯಾ?

ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಪೋಸ್ಟ್‌ಗ್ರೆಸ್‌ನ 17ರವರೆಗಿನ ವರ್ಷನ್‌ಗಳಲ್ಲಿ ನಿಮ್ಮ ಕ್ವೆರಿಗಳ ಮಟ್ಟಿಗೆ ಇದು ಮುಖ್ಯವಾಗಿ ಒಂದೇ ಕಡೆ ಕೆಲಸಕ್ಕೆ ಬರುತ್ತದೆ: ಬಿಟ್‌ಮ್ಯಾಪ್ ಹೀಪ್ ಸ್ಕ್ಯಾನ್. ಅಲ್ಲಿ ಪೋಸ್ಟ್‌ಗ್ರೆಸ್ ಮೊದಲು ಇಂಡೆಕ್ಸ್ ನೋಡಿ ಯಾವ ಯಾವ ಬ್ಲಾಕ್ ಬೇಕು ಅಂತ ಪಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ಟೇಬಲ್ ಕಡೆ ಹೋಗುತ್ತದೆ. ಪಟ್ಟಿ ಕೈಯಲ್ಲೇ ಇರುವುದರಿಂದ ಮುಂದಿನ ಬ್ಲಾಕ್‌ಗಳು ಬೇಕಾಗುತ್ತವೆ ಅಂತ ಲಿನಕ್ಸ್‌ಗೆ ಮುಂಚೆಯೇ ಹೇಳಿಬಿಡಬಹುದು. ಲಿನಕ್ಸ್ ಅವನ್ನು ತನ್ನ ಕ್ಯಾಶ್‌ಗೆ ತಂದಿಡುತ್ತದೆ.

ಸೀಕ್ವೆನ್ಷಿಯಲ್ ಸ್ಕ್ಯಾನ್‌ನಲ್ಲಿ ಇಡೀ ಟೇಬಲನ್ನು ಸಾಲಾಗಿ ಓದುವುದರಿಂದ ಲಿನಕ್ಸ್ ಕರ್ನೆಲ್ ತಾನೇ ಊಹಿಸಿ ಮುಂದಕ್ಕೆ ಓದಿಡುತ್ತದೆ. ಸಾದಾ ಇಂಡೆಕ್ಸ್ ಸ್ಕ್ಯಾನ್‌ಗೆ 18ರಲ್ಲೂ ಈ ಮುಂಗಡ ಓದು ಬಂದಿಲ್ಲ. ನಿಮ್ಮ ನಿಧಾನದ ಕ್ವೆರಿ ಪ್ಲ್ಯಾನಿನಲ್ಲಿ ಸಾದಾ ಇಂಡೆಕ್ಸ್ ಸ್ಕ್ಯಾನ್ ಇದ್ದರೆ ಈ ನಂಬರನ್ನು ಎಷ್ಟು ತಿರುಗಿಸಿದರೂ ಏನೂ ಆಗದು.

18ರಲ್ಲಿ ಚಿತ್ರ ಬದಲಾಗಿದೆ. ಸೀಕ್ವೆನ್ಷಿಯಲ್ ಸ್ಕ್ಯಾನ್, ಬಿಟ್‌ಮ್ಯಾಪ್ ಹೀಪ್ ಸ್ಕ್ಯಾನ್, ವ್ಯಾಕ್ಯೂಮ್ (ಅಳಿಸಿದ ಸಾಲುಗಳ ಜಾಗ ತೆರವು ಮಾಡುವ ಕೆಲಸ) ಮೂರೂ ಹೊಸ ಅಸಿಂಕ್ರೋನಸ್ ಐಒ ದಾರಿಯಲ್ಲಿ, ಅಂದರೆ ರೀಡ್ ಕೇಳಿಟ್ಟು ಕಾಯದೆ ಮುಂದುವರಿಯುವ ದಾರಿಯಲ್ಲಿ, ಹೋಗುತ್ತವೆ.

ಸರಿ, ಎಷ್ಟು ಇಡಬೇಕು? ಒಂದು ನಂಬರ್ ಹೇಳಿ.

ಹೇಳುತ್ತೇನೆ. ಮೊದಲು ಒಂದು ಸಣ್ಣ ಲೆಕ್ಕ. ಇದು ಗೊತ್ತಿದ್ದರೆ ಇನ್ನೊಬ್ಬರ ನಂಬರ್ ನಿಮಗೆ ಬೇಕಾಗುವುದಿಲ್ಲ.

ಡಿಸ್ಕ್ ಸೆಕೆಂಡಿಗೆ ಎಷ್ಟು ರೀಡ್ ಮಾಡಬಲ್ಲದು, ಒಂದು ರೀಡ್‌ಗೆ ಎಷ್ಟು ಸೆಕೆಂಡ್ ಹಿಡಿಯುತ್ತದೆ, ಈ ಎರಡನ್ನೂ ಗುಣಿಸಿ. ಬಂದ ನಂಬರಿನಷ್ಟು ರೀಡ್‌ಗಳು ಯಾವಾಗಲೂ ಕೈಯಲ್ಲಿದ್ದರೆ ಡಿಸ್ಕ್ ಪೂರ್ತಿ ದುಡಿಯುತ್ತದೆ.

ಅಮೆಜಾನ್ ಕ್ಲೌಡಿನ ಜಿಪಿ3 ವಾಲ್ಯೂಮ್, ಅಂದರೆ ಅಲ್ಲಿನ ಒಂದು ಬಗೆಯ ನೆಟ್‌ವರ್ಕ್ ಡಿಸ್ಕ್, ತೆಗೆದುಕೊಳ್ಳಿ. ಹೆಚ್ಚುವರಿ ದುಡ್ಡು ಕೊಡದೆ ಸಿಗುವುದು ಸೆಕೆಂಡಿಗೆ 3,000 ರೀಡ್-ರೈಟ್. ಒಂದು ರೀಡ್‌ಗೆ 1 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳೋಣ. 3,000 ಗುಣಿಸು 0.001, ಅಂದರೆ 3. ಈಗ ನಿಮ್ಮ ಕ್ವೆರಿ ಚದುರಿದ 60,000 ಬ್ಲಾಕ್ ಓದಬೇಕು. ಒಂದೊಂದಾಗಿ ಓದಿದರೆ 60 ಸೆಕೆಂಡ್. ಮೂರು ಮೂರಾಗಿ ಓದಿದರೆ 20 ಸೆಕೆಂಡ್. ಮೂವತ್ತು ಮೂವತ್ತಾಗಿ ಓದಿದರೂ 20 ಸೆಕೆಂಡೇ. ಯಾಕೆಂದರೆ ಮಿತಿ ಇರುವುದು ಆ ವಾಲ್ಯೂಮಿನಲ್ಲಿ.

ಅದೇ 60,000 ಬ್ಲಾಕ್ ಸರ್ವರ್ ಒಳಗೇ ಇರುವ ಎನ್‌ವಿಎಂಇ (ಬಹಳ ವೇಗದ ಎಸ್‌ಎಸ್‌ಡಿ) ಡಿಸ್ಕಿನಲ್ಲಿದ್ದು, ಒಂದು ರೀಡ್‌ಗೆ 0.1 ಮಿಲಿಸೆಕೆಂಡ್ ಹಿಡಿದರೆ ಒಂದೊಂದಾಗಿ ಓದಿದರೂ 6 ಸೆಕೆಂಡಿನಲ್ಲಿ ಮುಗಿಯುತ್ತದೆ. 16 ಒಟ್ಟಿಗೆ ಹೋದರೆ ಲೆಕ್ಕದ ಪ್ರಕಾರ ಅರ್ಧ ಸೆಕೆಂಡೂ ಬೇಡ. ಅಷ್ಟು ಹೊತ್ತಿಗೆ ಡಿಸ್ಕ್ ಬಿಟ್ಟು ಸಿಪಿಯು ಅಡ್ಡ ಬಂದಿರುತ್ತದೆ.

ಇನ್ನು ತಿರುಗುವ ಹಾರ್ಡ್‌ಡಿಸ್ಕ್. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೇ 8.3 ಮಿಲಿಸೆಕೆಂಡ್ ಬೇಕು. ಡೇಟಾ ಓದುವ ಮುಳ್ಳು ಅಲ್ಲಿಗೆ ಹೋಗುವ ಹೊತ್ತು ಬೇರೆ. ಸೆಕೆಂಡಿಗೆ ನೂರರ ಆಸುಪಾಸು ರೀಡ್ ಆದರೆ ದೊಡ್ಡದು. ಅಲ್ಲಿ ಹಲವು ರೀಡ್ ಒಟ್ಟಿಗೆ ಕೊಟ್ಟರೆ ಡಿಸ್ಕ್ ಅವನ್ನು ಹತ್ತಿರದ ಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ ಅನ್ನುವಷ್ಟೇ ಲಾಭ.

ನನ್ನ ಶುರುವಿನ ನಂಬರ್‌ಗಳು ಹೀಗಿವೆ. ಒಂದೇ ಹಾರ್ಡ್‌ಡಿಸ್ಕ್ ಇದ್ದರೆ 2. ಅಂಥ ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿದ ರೈಡ್ ಇದ್ದರೆ ಎಷ್ಟು ಡಿಸ್ಕೋ ಅಷ್ಟು. ಕ್ಲೌಡಿನ ನೆಟ್‌ವರ್ಕ್ ಡಿಸ್ಕಿಗೆ 8ರಿಂದ 16. ಲೆಕ್ಕ 3 ಅಂದರೂ ಸ್ವಲ್ಪ ಮೇಲಿಡುವುದು ಯಾಕೆಂದರೆ ನೆಟ್‌ವರ್ಕ್ ಡಿಸ್ಕಿನ ಹೊತ್ತು ಒಂದೇ ಸಮ ಇರುವುದಿಲ್ಲ. ಎನ್‌ವಿಎಂಇಗೆ 32ರಿಂದ 64. ಇಲ್ಲಿಂದ ಶುರು ಮಾಡಿ, ಅಳೆದು ಬದಲಾಯಿಸಿ.

ಜಾಸ್ತಿ ಇಟ್ಟರೆ ನಷ್ಟ ಏನಿದೆ? 500 ಇಟ್ಟುಬಿಡೋಣ ಅಲ್ವಾ?

ಬೇಡ. ಆ ಜಿಪಿ3 ಉದಾಹರಣೆಗೇ ವಾಪಸ್ ಬರೋಣ. ವಾಲ್ಯೂಮ್ ಸೆಕೆಂಡಿಗೆ 3,000ಕ್ಕಿಂತ ಜಾಸ್ತಿ ಕೊಡುವುದಿಲ್ಲ. ರಿಪೋರ್ಟ್ ಕ್ವೆರಿ 32 ರೀಡ್‌ಗಳನ್ನು ಒಟ್ಟಿಗೆ ತಳ್ಳಿಟ್ಟಿದೆ. ಅದೇ ಹೊತ್ತಿಗೆ ಯಾರೋ ಗ್ರಾಹಕರು ತಮ್ಮ ಒಂದು ಬಿಲ್ ತೆರೆಯುತ್ತಾರೆ. ಅವರಿಗೆ ಬೇಕಿರುವುದು ಒಂದೇ ಬ್ಲಾಕ್. ಅದು ಆ 32ರ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. 32 ಭಾಗಿಸು 3,000, ಅಂದರೆ ಸುಮಾರು 11 ಮಿಲಿಸೆಕೆಂಡ್. ಮೊದಲು 1 ಇತ್ತು. ರಿಪೋರ್ಟ್ ಒಂದು ಸೆಕೆಂಡೂ ಬೇಗ ಮುಗಿಯಲಿಲ್ಲ, ಗ್ರಾಹಕರು ಮಾತ್ರ ಹತ್ತು ಪಟ್ಟು ಕಾದರು.

ಇದು ಒಂದು ಕ್ವೆರಿಯ ಲೆಕ್ಕ. ಈ ಸೆಟ್ಟಿಂಗ್ ಇಡೀ ಸರ್ವರಿಗೆ ಒಂದಲ್ಲ, ಪ್ರತಿ ಸೆಷನ್‌ಗೂ (ಡೇಟಾಬೇಸಿನ ಒಂದೊಂದು ಕನೆಕ್ಷನ್‌ಗೂ) ಬೇರೆ ಬೇರೆಯಾಗಿ ಅನ್ವಯವಾಗುತ್ತದೆ. ಒಂದೇ ಕ್ವೆರಿಯನ್ನು ಹಂಚಿಕೊಂಡು ಓಡಿಸುವ ಪ್ಯಾರಲಲ್ ವರ್ಕರ್‌ಗಳು ಇದ್ದರೆ ಪ್ರತಿ ವರ್ಕರ್‌ಗೂ ಅಷ್ಟಷ್ಟು. 20 ಸೆಷನ್ ಒಟ್ಟಿಗೆ ದೊಡ್ಡ ಸ್ಕ್ಯಾನ್ ಮಾಡಿದರೆ 20 ಪಟ್ಟು. ಹಾಗಾಗಿ ರಾತ್ರಿ ಒಂಟಿಯಾಗಿ ಓಡುವ ರಿಪೋರ್ಟಿಗೆ ಚೆನ್ನಾಗಿದ್ದ ನಂಬರ್ ಹಗಲಿನ ಗದ್ದಲದಲ್ಲಿ ಕೆಟ್ಟದಾಗಬಹುದು.

ಡೇಟಾ ಪೂರ್ತಿ ಮೆಮೊರಿಯಲ್ಲೇ ಇದ್ದರೂ ಸಣ್ಣ ನಷ್ಟ ಇದೆ. ಹಳೇ ವರ್ಷನ್‌ಗಳಲ್ಲಿ ಬ್ಲಾಕ್ ಲಿನಕ್ಸ್ ಕ್ಯಾಶ್‌ನಲ್ಲಿ ಆಗಲೇ ಇದ್ದರೂ ಪೋಸ್ಟ್‌ಗ್ರೆಸ್‌ಗೆ ಅದು ಗೊತ್ತಾಗುವುದಿಲ್ಲ. ಸುಮ್ನೆ ಒಂದು ಸಿಸ್ಟಂ ಕಾಲ್ ದಂಡ.

ಹಳೇ ಲೇಖನಗಳಲ್ಲಿ ಬೇರೆ ಬೇರೆ ನಂಬರ್ ಯಾಕಿವೆ?

ಎರಡು ಕಾರಣ. ಮೊದಲನೆಯದು, ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಬಹಳ ಕಾಲ ಎರಡು ಮಾತು ಹೇಳುತ್ತಿತ್ತು. ಹಾರ್ಡ್‌ಡಿಸ್ಕಿಗೆ ಡಿಸ್ಕ್‌ಗಳ ಸಂಖ್ಯೆಯಿಂದ ಶುರು ಮಾಡಿ ಅಂತ ಒಂದು, ಎಸ್‌ಎಸ್‌ಡಿಗೆ ನೂರಾರು ಇಡಬೇಕಾಗಬಹುದು ಅಂತ ಇನ್ನೊಂದು. 2 ಮತ್ತು 200ರ ಜಗಳದ ಬೇರು ಅಲ್ಲಿದೆ.

ಎರಡನೆಯದು ಇನ್ನೂ ಮುಖ್ಯ. 13ನೇ ವರ್ಷನ್‌ನಲ್ಲಿ ಈ ನಂಬರಿನ ಅರ್ಥವೇ ಬದಲಾಯಿತು. ಅದಕ್ಕೂ ಮುಂಚೆ ನೀವು ಕೊಟ್ಟ ನಂಬರನ್ನು ಪೋಸ್ಟ್‌ಗ್ರೆಸ್ ಹಾಗೇ ಬಳಸುತ್ತಿರಲಿಲ್ಲ. ಅದು ಡಿಸ್ಕ್‌ಗಳ ಸಂಖ್ಯೆ ಅಂದುಕೊಂಡು, ಎಲ್ಲ ಡಿಸ್ಕ್‌ಗಳಿಗೂ ಕೆಲಸ ಸಿಗಬೇಕಾದರೆ ಎಷ್ಟು ರೀಡ್ ಬೇಕು ಅಂತ ಒಂದು ಸೂತ್ರದಿಂದ ಹಿಗ್ಗಿಸುತ್ತಿತ್ತು. 13ರಿಂದ ನೀವು ಕೊಟ್ಟಿದ್ದೇ ಲೆಕ್ಕ. ಹಳೇ ನಂಬರನ್ನು ಹೊಸದಕ್ಕೆ ತರಬೇಕಾದರೆ ಅದನ್ನು 1, 2, 3 ಹೀಗೆ ಅದೇ ನಂಬರಿನವರೆಗೆ ಒಂದೊಂದರಿಂದಲೂ ಭಾಗಿಸಿ, ಬಂದದ್ದನ್ನೆಲ್ಲ ಕೂಡಿ. ಹಳೇ 2 ಈಗಿನ 3. ಹಳೇ 10 ಈಗಿನ 29. ಹಳೇ 100 ಈಗಿನ 519! ಆದ್ದರಿಂದ 2020ಕ್ಕೂ ಹಿಂದಿನ ಲೇಖನ ಓದುವಾಗ ವರ್ಷನ್ ನೋಡಿಕೊಳ್ಳಿ.

ನನ್ನ ಸಿಸ್ಟಂನಲ್ಲಿ ಅಳೆಯುವುದು ಹೇಗೆ?

ಮೊದಲು ರೀಡ್‌ಗಳ ಹೊತ್ತು ಅಳೆಯುವ ಟ್ರ್ಯಾಕ್_ಐಒ_ಟೈಮಿಂಗ್ ಆನ್ ಮಾಡಿ. ಅದು ತಾನಾಗಿ ಆನ್ ಇರುವುದಿಲ್ಲ. ಆಮೇಲೆ ನಿಮ್ಮ ನಿಜವಾದ ನಿಧಾನದ ಕ್ವೆರಿಯೊಂದನ್ನು ಎಕ್ಸ್‌ಪ್ಲೇನ್ ಅನಲೈಸ್ ಜೊತೆ, ಬಫರ್ಸ್ ಆಯ್ಕೆ ಹಾಕಿ ಓಡಿಸಿ. 18ರಲ್ಲಿ ಬಫರ್ಸ್ ತಾನಾಗಿಯೇ ಬರುತ್ತದೆ.

ಔಟ್‌ಪುಟ್‌ನಲ್ಲಿ ಬಿಟ್‌ಮ್ಯಾಪ್ ಹೀಪ್ ಸ್ಕ್ಯಾನ್ ಸಾಲಿನ ಕೆಳಗೆ ಕಣ್ಣಿಡಿ. ‘ಶೇರ್ಡ್ ಹಿಟ್’ ಅಂದರೆ ಮೆಮೊರಿಯಲ್ಲೇ ಸಿಕ್ಕಿದ್ದು. ‘ರೀಡ್’ ಅಂದರೆ ಹೊರಗಿನಿಂದ ತಂದದ್ದು. ರೀಡ್ ಕಡಿಮೆ ಇದ್ದು ಹಿಟ್ ಜಾಸ್ತಿ ಇದ್ದರೆ ಇಲ್ಲಿಗೇ ನಿಲ್ಲಿಸಿ, ನಿಮ್ಮ ತೊಂದರೆ ಡಿಸ್ಕ್ ಅಲ್ಲ. ‘ಹೀಪ್ ಬ್ಲಾಕ್ಸ್’ ಅನ್ನುವ ಕಡೆ ‘ಲಾಸಿ’ ಅಂತ ದೊಡ್ಡ ನಂಬರ್ ಕಂಡರೆ ಬ್ಲಾಕ್‌ಗಳ ಪಟ್ಟಿಗೆ ಜಾಗ ಸಾಲದೆ ವಿವರ ಕಳೆದುಹೋಗಿದೆ ಅಂತ ಅರ್ಥ. ಆಗ ಮೊದಲು ವರ್ಕ್_ಮೆಮ್ (ಇಂಥ ಕೆಲಸಕ್ಕೆ ಕ್ವೆರಿ ಬಳಸಬಹುದಾದ ಮೆಮೊರಿ) ಹೆಚ್ಚಿಸಿ ನೋಡಿ. ತಾನಾಗಿ ಇರುವುದು 4 ಎಂಬಿ ಮಾತ್ರ.

ಈಗ ಪರೀಕ್ಷೆ. ಸೆಟ್ ಕಮಾಂಡಿನಿಂದ ಆ ಸೆಷನ್‌ಗೆ ಮಾತ್ರ ಐಒ ಕನ್ಕರೆನ್ಸಿಯನ್ನು 1, 2, 4, 8, 16, 32, 64 ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ. ಪ್ರತಿ ಸಲವೂ ಹೊತ್ತು ಬರೆದಿಟ್ಟುಕೊಳ್ಳಿ. ಒಂದೇ ಕ್ವೆರಿಯನ್ನು ಎರಡನೇ ಸಲ ಓಡಿಸಿದರೆ ಎಲ್ಲವೂ ಕ್ಯಾಶ್‌ನಿಂದ ಬರುತ್ತದೆ. ‘ವಾವ್, ಹತ್ತು ಪಟ್ಟು ವೇಗ!’ ಅಂತ ಮೋಸ ಹೋಗುವುದು ಇಲ್ಲೇ. ಟೆಸ್ಟ್ ಮಷಿನ್ ಆದರೆ ಪ್ರತಿ ಸಲ ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಮಾಡಿ ಲಿನಕ್ಸ್ ಕ್ಯಾಶನ್ನೂ ಖಾಲಿ ಮಾಡಿ. ಕ್ಲೌಡಿನ ಮ್ಯಾನೇಜ್ಡ್ ಡೇಟಾಬೇಸ್‌ನಲ್ಲಿ ಅದು ಆಗುವುದಿಲ್ಲ. ಅಲ್ಲಿ ಪ್ರತಿ ಸಲ ಬೇರೆ ತಿಂಗಳ ಡೇಟಾ ಓದಿಸಿ. ಜನವರಿಗೆ 1, ಫೆಬ್ರವರಿಗೆ 2, ಮಾರ್ಚ್‌ಗೆ 4. ತಿಂಗಳುಗಳ ಗಾತ್ರ ಸುಮಾರಾಗಿ ಒಂದೇ ಇರಲಿ.

ಪಕ್ಕದ ಟರ್ಮಿನಲ್‌ನಲ್ಲಿ ಡಿಸ್ಕಿನ ಅಂಕಿಗಳನ್ನು ತೋರಿಸುವ ಐಒಸ್ಟ್ಯಾಟ್ ಓಡುತ್ತಿರಲಿ, ಸೆಕೆಂಡಿಗೊಂದು ಸಲ. ಮೂರು ಕಾಲಂ ಸಾಕು: ಸೆಕೆಂಡಿಗೆ ಎಷ್ಟು ರೀಡ್, ಒಂದು ರೀಡ್ ಎಷ್ಟು ಮಿಲಿಸೆಕೆಂಡ್ ಕಾಯಿತು, ಸಾಲಿನಲ್ಲಿ ಎಷ್ಟಿವೆ. ನಂಬರ್ ಏರಿಸಿದ ಹಾಗೆಲ್ಲ ಮೊದಲು ರೀಡ್‌ಗಳು ಏರುತ್ತವೆ, ಕಾಯುವ ಹೊತ್ತು ಹಾಗೇ ಇರುತ್ತದೆ. ಒಂದು ಹಂತ ದಾಟಿದ ಮೇಲೆ ರೀಡ್‌ಗಳು ಅಲ್ಲೇ ನಿಂತುಬಿಡುತ್ತವೆ, ಕಾಯುವ ಹೊತ್ತು ಮಾತ್ರ ಏರತೊಡಗುತ್ತದೆ. ಆ ತಿರುವಿನ ಹಿಂದಿನ ನಂಬರ್ ನಿಮ್ಮದು. ಈ ಒಂದು ತಿರುವನ್ನು ಕಣ್ಣಾರೆ ನೋಡಿದವರಿಗೆ ಈ ವಿಷಯ ಮತ್ತೆಂದೂ ಮರೆಯುವುದಿಲ್ಲ. ದಯವಿಟ್ಟು ಒಮ್ಮೆ ಮಾಡಿ ನೋಡಿ.

ಬದಲಾಯಿಸಿದೆ, ಆದರೆ ಏನೂ ವ್ಯತ್ಯಾಸ ಕಾಣುತ್ತಿಲ್ಲ. ಯಾಕೆ?

ಪ್ಲ್ಯಾನಿನಲ್ಲಿ ಬಿಟ್‌ಮ್ಯಾಪ್ ಇಲ್ಲದಿರಬಹುದು, ಡೇಟಾ ಮೆಮೊರಿಯಲ್ಲೇ ಇರಬಹುದು. ಇವೆರಡು ಆಗಲೇ ಹೇಳಿದೆ.

ಮೂರನೆಯದು ನನ್ನನ್ನೇ ಅರ್ಧ ದಿನ ಕಾಡಿತ್ತು. ಐಒ ಕನ್ಕರೆನ್ಸಿಯನ್ನು ಟೇಬಲ್‌ಸ್ಪೇಸ್ (ಟೇಬಲ್‌ಗಳ ಫೈಲ್‌ಗಳನ್ನು ಇಡುವ ಡಿಸ್ಕಿನ ಜಾಗ) ಮಟ್ಟದಲ್ಲೂ ಇಡಬಹುದು. ಅಲ್ಲಿ ಇಟ್ಟಿದ್ದರೆ ಅದರಲ್ಲಿರುವ ಟೇಬಲ್‌ಗಳಿಗೆ ಆ ನಂಬರೇ ಗೆಲ್ಲುತ್ತದೆ. ನಾನು ಸೆಷನ್‌ನಲ್ಲಿ ಏನೇ ಸೆಟ್ ಮಾಡಿದರೂ ಹೊತ್ತು ಕದಲುತ್ತಿರಲಿಲ್ಲ. ಹಿಂದೆ ಯಾರೋ ಟೇಬಲ್‌ಸ್ಪೇಸಿಗೆ 1 ಬರೆದಿಟ್ಟು ಹೋಗಿದ್ದರು. ಪಿಜಿ_ಟೇಬಲ್‌ಸ್ಪೇಸ್‌ನಲ್ಲಿ ಆಪ್ಷನ್ಸ್ ಕಾಲಂ ನೋಡಿದಾಗಲೇ ಗೊತ್ತಾಗಿದ್ದು. ಸೌಲಭ್ಯ ಮಾತ್ರ ನಿಜಕ್ಕೂ ಒಳ್ಳೆಯದು. ಹಳೇ ಡೇಟಾ ಹಾರ್ಡ್‌ಡಿಸ್ಕಿನಲ್ಲಿ, ಹೊಸದು ಎನ್‌ವಿಎಂಇಯಲ್ಲಿ ಇದ್ದರೆ ಎರಡಕ್ಕೂ ಬೇರೆ ಬೇರೆ ನಂಬರ್ ಕೊಡಬಹುದು.

ನಾಲ್ಕನೆಯದು, ಕ್ವೆರಿಯ ಪ್ಲ್ಯಾನ್ ಆರಿಸುವ ಪ್ಲ್ಯಾನರ್ ಈ ನಂಬರನ್ನು ನೋಡುವುದೇ ಇಲ್ಲ. ಐಒ ಕನ್ಕರೆನ್ಸಿ ಹೆಚ್ಚಿಸಿದ ಮಾತ್ರಕ್ಕೆ ಅದು ಬಿಟ್‌ಮ್ಯಾಪ್ ಆರಿಸಿಕೊಳ್ಳುವುದಿಲ್ಲ. ಪ್ಲ್ಯಾನ್ ಬದಲಾಗಬೇಕಾದರೆ ರ್‍ಯಾಂಡಮ್_ಪೇಜ್_ಕಾಸ್ಟ್ (ಚದುರಿದ ಒಂದು ಬ್ಲಾಕ್ ಓದಲು ಪ್ಲ್ಯಾನರ್ ಲೆಕ್ಕ ಹಾಕುವ ಖರ್ಚು) ಕಡೆ ನೋಡಿ. ತಾನಾಗಿ ಅದು 4. ಎಸ್‌ಎಸ್‌ಡಿ ಇದ್ದವರು ಅದನ್ನು 1.1ರ ಆಸುಪಾಸಿಗೆ ಇಳಿಸುವುದು ರೂಢಿ.

18ರಲ್ಲಿ ಬಂದ ಐಒ_ಮೆಥಡ್ ಏನು?

2025ರ ಸೆಪ್ಟೆಂಬರ್‌ನಲ್ಲಿ ಬಂದ 18ನೇ ವರ್ಷನ್‌ನ ದೊಡ್ಡ ಬದಲಾವಣೆ ಇದು. ಮೊದಲು ಪೋಸ್ಟ್‌ಗ್ರೆಸ್ ಲಿನಕ್ಸ್‌ಗೆ ಬರೀ ಸುಳಿವು ಕೊಡುತ್ತಿತ್ತು. ನಿಜವಾದ ರೀಡ್ ಹೊತ್ತಿಗೆ ಮತ್ತೆ ತಾನೇ ಹೋಗಿ ಬ್ಲಾಕ್ ತರಬೇಕಿತ್ತು. ಈಗ ರೀಡನ್ನೇ ಬೇರೆಯವರಿಗೆ ವಹಿಸಿ ತನ್ನ ಕೆಲಸ ಮುಂದುವರಿಸಬಲ್ಲದು.

ಆಯ್ಕೆಗಳು ಮೂರು. ಸಿಂಕ್ ಅಂದರೆ ಹೆಚ್ಚುಕಡಿಮೆ ಹಳೇ ರೀತಿ. ವರ್ಕರ್ ಅಂದರೆ ರೀಡ್ ಮಾಡಲೆಂದೇ ಇರುವ ಪ್ರೋಸೆಸ್‌ಗಳು, ತಾನಾಗಿ ಇರುವುದು ಇದೇ. ಐಒ_ಯುರಿಂಗ್ ಅಂದರೆ ಲಿನಕ್ಸ್ ಕರ್ನೆಲ್‌ನದೇ ಸೌಲಭ್ಯ. ಐಒ_ಮೆಥಡ್ ಬದಲಾಯಿಸಿದರೆ ರೀಸ್ಟಾರ್ಟ್ ಬೇಕು. ಜೊತೆಗೆ ಐಒ ಕನ್ಕರೆನ್ಸಿ ತಾನಾಗಿ 1 ಇದ್ದದ್ದು ಈ ವರ್ಷನ್‌ನಲ್ಲಿ 16 ಆಯಿತು. ಒಳ್ಳೆಯ ನಿರ್ಧಾರ ಅಂತ ನನ್ನ ಅಭಿಪ್ರಾಯ. ಈ ಸೆಟ್ಟಿಂಗಿನ ಹೆಸರೇ ಕೇಳದವರಿಗೂ ಈಗ ಲಾಭ ಸಿಗುತ್ತದೆ.

ಒಂದು ವಿಷಯ ಗಮನಿಸಿ. ವರ್ಕರ್ ವಿಧಾನದಲ್ಲಿ ಐಒ_ವರ್ಕರ್ಸ್ ತಾನಾಗಿ 3. ಇಡೀ ಸರ್ವರಿಗೆ ಮೂರೇ ಜನ! ನೀವು ಐಒ ಕನ್ಕರೆನ್ಸಿ 64 ಇಟ್ಟರೂ ಒಂದು ಗಳಿಗೆಯಲ್ಲಿ ಈ ವರ್ಕರ್‌ಗಳು ಮಾಡುತ್ತಿರುವುದು ಮೂರೇ ರೀಡ್. ದೊಡ್ಡ ಸರ್ವರ್ ಆದರೆ ಇದನ್ನು ಹೆಚ್ಚಿಸಿ. ಒಟ್ಟು ಕೋರ್‌ಗಳ ಕಾಲು ಭಾಗದಿಂದ ಶುರು ಮಾಡುವುದು ನನ್ನ ರೂಢಿ. ಗರಿಷ್ಠ 32. ಇದಕ್ಕೆ ರೀಸ್ಟಾರ್ಟ್ ಬೇಡ, ರೀಲೋಡ್ ಸಾಕು.

ಇನ್ನೊಂದು ಕಡಿವಾಣವೂ ಇದೆ. ಐಒ_ಮ್ಯಾಕ್ಸ್_ಕನ್ಕರೆನ್ಸಿ ಅಂತ ಅದರ ಹೆಸರು. ನೀವು ಮುಟ್ಟದಿದ್ದರೆ ಅದು ಶೇರ್ಡ್ ಬಫರ್ಸ್ (ಪೋಸ್ಟ್‌ಗ್ರೆಸ್‌ನ ಸ್ವಂತ ಕ್ಯಾಶ್) ಮತ್ತು ಒಟ್ಟು ಪ್ರೋಸೆಸ್‌ಗಳನ್ನು ನೋಡಿ ತಾನೇ ಲೆಕ್ಕ ಹಾಕುತ್ತದೆ, ಆದರೆ ಪ್ರತಿ ಪ್ರೋಸೆಸ್‌ಗೆ 64 ದಾಟುವುದಿಲ್ಲ. 200 ಬರೆದವರು 200 ಸಿಗುತ್ತಿದೆ ಅಂದುಕೊಂಡಿರುತ್ತಾರೆ.

ವರ್ಕರ್ ಒಳ್ಳೆಯದಾ, ಐಒ_ಯುರಿಂಗ್ ಒಳ್ಳೆಯದಾ?

ಹೆಚ್ಚಿನವರಿಗೆ ವರ್ಕರ್ ಸಾಕು. ಎಲ್ಲ ಕಡೆ ಓಡುತ್ತದೆ. ಚೆಕ್‌ಸಮ್ ನೋಡುವ, ಅಂದರೆ ಬ್ಲಾಕ್ ಕೆಟ್ಟಿಲ್ಲವಾ ಅಂತ ಪರೀಕ್ಷಿಸುವ, ಕೆಲಸವೂ ವರ್ಕರ್‌ಗಳ ಪಾಲಿಗೆ ಹೋಗುವುದರಿಂದ ನಿಮ್ಮ ಕ್ವೆರಿಯ ಸಿಪಿಯು ಉಳಿಯುತ್ತದೆ. ಐಒ_ಯುರಿಂಗ್‌ನಲ್ಲಿ ಅದನ್ನು ಕ್ವೆರಿ ಓಡಿಸುವ ಪ್ರೋಸೆಸ್ಸೇ ಮಾಡಬೇಕು.

ಐಒ_ಯುರಿಂಗ್ ಬೇಕಾದರೆ ಲಿನಕ್ಸ್ ಆಗಿರಬೇಕು, ಪೋಸ್ಟ್‌ಗ್ರೆಸ್ ಅದರ ಬೆಂಬಲದೊಂದಿಗೆ ಬಿಲ್ಡ್ ಆಗಿರಬೇಕು. ಭದ್ರತೆಯ ಕಾರಣಕ್ಕೆ ಕೆಲವು ಕಂಟೇನರ್ ಸೆಟ್ಟಿಂಗ್‌ಗಳು ಅದನ್ನು ತಡೆಯುತ್ತವೆ. ಕನೆಕ್ಷನ್‌ಗಳು ಜಾಸ್ತಿ ಇದ್ದು, ತೆರೆದಿಡಬಹುದಾದ ಫೈಲ್‌ಗಳ ಮಿತಿ ಕಡಿಮೆ ಇದ್ದರೆ ಸರ್ವರ್ ಸ್ಟಾರ್ಟ್ ಆಗದೆ ನಿಲ್ಲಬಹುದು. ಎನ್‌ವಿಎಂಇ ಇದೆ, ಸ್ವಂತ ಸರ್ವರ್ ಇದೆ, ಅಳೆದು ನೋಡುವ ತಾಳ್ಮೆ ಇದೆ ಅನ್ನುವವರು ಧಾರಾಳವಾಗಿ ಪ್ರಯತ್ನಿಸಿ.

ಮೇಂಟೆನೆನ್ಸ್_ಐಒ_ಕನ್ಕರೆನ್ಸಿ ಬೇರೆಯಾ?

ಹೌದು, 13ರಲ್ಲಿ ಬಂತು. ಹೆಸರೇ ಹೇಳುವ ಹಾಗೆ ನಿರ್ವಹಣೆಯ ಕೆಲಸಗಳಿಗೆ. 14ರಿಂದ ಟೇಬಲ್‌ಗಳ ಅಂಕಿಅಂಶ ಸಂಗ್ರಹಿಸುವ ಅನಲೈಸ್ ಕಮಾಂಡ್ ಇದನ್ನು ಬಳಸುತ್ತದೆ. 15ರಿಂದ ರಿಕವರಿಯೂ (ಲಾಗ್ ಓದಿ ಬದಲಾವಣೆಗಳನ್ನು ಮತ್ತೆ ಹಾಕುವ ಕೆಲಸ) ಬಳಸುತ್ತದೆ. ಈ ಎರಡನೆಯದು ರೆಪ್ಲಿಕಾ (ಡೇಟಾಬೇಸಿನ ನಕಲು ಸರ್ವರ್) ಇಟ್ಟುಕೊಂಡವರಿಗೆ ಬಹಳ ಮುಖ್ಯ. ರೆಪ್ಲಿಕಾ ಹಿಂದೆ ಬೀಳುತ್ತಿದ್ದು, ಅಲ್ಲಿ ಒಂದೇ ಪ್ರೋಸೆಸ್ ಡಿಸ್ಕ್ ಕಾಯುತ್ತಾ ಕೂತಿದ್ದರೆ ಇದನ್ನು ಹೆಚ್ಚಿಸಿ ನೋಡಿ. ತಾನಾಗಿ 10 ಇತ್ತು, 18ರಲ್ಲಿ 16.

ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ 0 ಬಿಟ್ಟು ಬೇರೆ ನಂಬರ್ ಕೊಟ್ಟರೆ ಎರರ್ ಬರುತ್ತದೆ. ಯಾಕೆ?

ಲಿನಕ್ಸ್‌ಗೆ ಸುಳಿವು ಕೊಡುವ ಆ ಸಿಸ್ಟಂ ಕಾಲ್ ಅಲ್ಲಿಲ್ಲ. 18ರಿಂದ ಈ ತಡೆ ಹೋಗಿದೆ.

ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ಸಮನಾದದ್ದು ಯಾವುದು?

ನೇರವಾಗಿ ಸಮನಾದದ್ದು ಇಲ್ಲ. ಹತ್ತಿರದ್ದು ಇನ್ನೋಡಿಬಿ_ರೀಡ್_ಐಒ_ಥ್ರೆಡ್ಸ್. ಬಹಳ ಕಾಲ ಅದು ತಾನಾಗಿ 4 ಇತ್ತು. 8.4ರಿಂದ ಲಾಜಿಕಲ್ ಪ್ರೊಸೆಸರ್‌ಗಳ ಅರ್ಧ, ಕನಿಷ್ಠ 4. ಇದು ಇಡೀ ಸರ್ವರಿಗೆ ಸೇರಿದ್ದು, ಒಂದು ಕ್ವೆರಿಗಲ್ಲ. ಬದಲಾಯಿಸಿದರೆ ರೀಸ್ಟಾರ್ಟ್ ಬೇಕು. ಇನ್ನೋಡಿಬಿ_ಐಒ_ಕೆಪಾಸಿಟಿಯನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಮುಖ್ಯವಾಗಿ ಹಿನ್ನೆಲೆಯಲ್ಲಿ ಡಿಸ್ಕಿಗೆ ಬರೆಯುವ ಕೆಲಸದ ಮಿತಿ.

18ಕ್ಕೆ ಅಪ್‌ಗ್ರೇಡ್ ಮಾಡಿದೆ. ಎಲ್ಲವೂ ತಾನಾಗಿ ಸರಿಹೋಗುತ್ತದಾ?

ಹಳೇ ಕಾನ್ಫಿಗ್ ಫೈಲನ್ನು ಹಾಗೇ ನಕಲು ಮಾಡಿ ತಂದಿದ್ದರೆ ಇಲ್ಲ. ಅದರಲ್ಲಿ ಐಒ ಕನ್ಕರೆನ್ಸಿ 1 ಅಂತ ಬರೆದಿದ್ದರೆ ಹೊಸ 16 ನಿಮಗೆ ಸಿಗುವುದೇ ಇಲ್ಲ. ಮೊದಲು ಶೋ ಕಮಾಂಡಿನಿಂದ ಈಗಿನ ನಂಬರ್ ನೋಡಿ. ಆಮೇಲೆ ಪಿಜಿ_ಸೆಟ್ಟಿಂಗ್ಸ್‌ನಲ್ಲಿ ಸೋರ್ಸ್ ಕಾಲಂ ನೋಡಿ. ನಂಬರ್ ಫೈಲಿನಿಂದ ಬಂತೋ, ಡೇಟಾಬೇಸಿಗೆ ಇಟ್ಟದ್ದೋ, ಯೂಸರ್‌ಗೆ ಇಟ್ಟದ್ದೋ ಅಲ್ಲಿ ಗೊತ್ತಾಗುತ್ತದೆ. ಟೇಬಲ್‌ಸ್ಪೇಸಿಗೆ ಇಟ್ಟದ್ದು ಮಾತ್ರ ಅಲ್ಲಿ ಕಾಣುವುದಿಲ್ಲ, ಅದನ್ನು ಪಿಜಿ_ಟೇಬಲ್‌ಸ್ಪೇಸ್‌ನಲ್ಲೇ ಹುಡುಕಬೇಕು. ಹಳೇ ಸಾಲುಗಳನ್ನು ತೆಗೆದು, ಹೊಸ ಡೀಫಾಲ್ಟ್‌ನಲ್ಲಿ ಒಂದು ವಾರ ಓಡಿಸಿ, ಆಮೇಲೆ ಮೇಲೆ ಹೇಳಿದ ಹಾಗೆ ಮತ್ತೆ ಅಳೆಯಿರಿ.